ಲಾಭಕ್ಕೆ ಬೀಜವಿಟ್ಟಿರಲಿಲ್ಲ

ನಾನು ಚಿಕ್ಕವನಿದ್ದಾಗ, ಎಷ್ಟು ವರ್ಷವೆಂದು ಕೇಳಬೇಡಿ ಮಕ್ಕಳೇ, ಹತ್ತರವರೆಗೆ ಹೇಳಲು ಬರುತ್ತಿತ್ತು; ಎಣಿಸಲು ಬರುತ್ತಿರಲಿಲ್ಲ. ಎರಡೂ ಒಂದೇ ಎಂದುಕೊಂಡಿದ್ದೆ.

ಕೂಟಗಲ್ಲು ಅನ್ನೋ ಊರಿನ ಹತ್ತಿರ ನಮ್ಮ ಹೊಲ. ರಾಗಿ ತೂರಿ ಮುಗಿದ ದಿನ ಕಣದ ತುಂಬ ಸಗಣಿ ಸಾರಿಸಿದ ವಾಸನೆ, ಕತ್ತಿನ ಸುತ್ತ ಹೊಟ್ಟಿನ ನವೆ. ಅಪ್ಪ ಕೊಳಗದಲ್ಲಿ ರಾಗಿ ಅಳೆದು ಸುರಿಯುತ್ತಿದ್ದ, ಅಕ್ಕ ಚೀಲದ ಬಾಯಿ ಹಿಡಿದಿದ್ದಳು. ಕೊಳಗಕ್ಕೊಂದು ಹುಣಸೆಬೀಜ ಇಡುವುದು ನನ್ನ ಕೆಲಸ. ನಮ್ಮ ಕಡೆ ಅಳೆಯುವಾಗ ‘ಒಂದು’ ಎನ್ನುವುದಿಲ್ಲ. ಮೊದಲನೆಯದು ‘ಲಾಭ’, ಆಮೇಲೆ ಎರಡು, ಮೂರು.

ನಡುವೆ ಎತ್ತೊಂದು ರಾಶಿಗೆ ಬಾಯಿ ಹಾಕಿತು. ಅದನ್ನು ಅಟ್ಟಿ ಬರುವಷ್ಟರಲ್ಲಿ ಅಪ್ಪನಿಗೆ ಲೆಕ್ಕ ತಪ್ಪಿತ್ತು. ಹನ್ನೊಂದು ಆಯಿತೆಂದಳು ಅಕ್ಕ. ಬೀಜ ಹತ್ತೇ ಇದ್ದವು.

“ಬೀಜ ಸುಳ್ಳೇಳ್ತದಾ? ನಿಂಗೆ ಮಾತೇ ಜಾಸ್ತಿ. ನಾಳೆಯಿಂದ ಕಣಕ್ಕೆ ಬರ್ಬ್ಯಾಡ,” ಎಂದ ಅಪ್ಪ.

ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಡೀ ವರ್ಷದಲ್ಲಿ ಅವಳಿಗೆ ಇಷ್ಟವಾದ ಕೆಲಸವೆಂದರೆ ಇದೊಂದೇ. ಅವಳು ಚೀಲ ಬಿಡಲಿಲ್ಲ.

“ಸುರುದು ಇನ್ನೊಂದ್ಸಲ ಅಳಿ ಅಪ್ಪ. ನಂದು ತಪ್ಪಿದ್ರೆ ನಾನೇ ಬರಾಕಿಲ್ಲ.”

ಗೊಣಗುತ್ತಲೇ ಅಪ್ಪ ಚೀಲ ಬಗ್ಗಿಸಿದ. ಬೀಜಗಳನ್ನು ಮತ್ತೆ ನನ್ನ ಮಡಿಲಿಗೆ ಹಾಕಿದ. ಮೊದಲ ಕೊಳಗ ಸುರಿದು “ಲಾಭ” ಎಂದ. ನಾನು ಸುಮ್ಮನೆ ಕೂತಿದ್ದೆ. ಅಪ್ಪನ ಕೈ ನಿಂತಿತು.

“ಬೀಜ ಮಡಗ್ಲಾ.”

“ಇನ್ನೂ ಎರಡು ಅಂದಿಲ್ವಲ್ಲಪ್ಪ.”

“ಎರಡಕ್ಕೆ ಮುಂಚೆ ಏನೂ ಇಲ್ವೇನ್ಲಾ? ಬಗ್ಗಿ ನೋಡು,” ಎಂದು ಅಕ್ಕ ಚೀಲದ ಬಾಯಿ ಅಗಲಿಸಿದಳು.

ಬಗ್ಗಿ ನೋಡಿದೆ. ತಳದಲ್ಲಿ ಒಂದು ಕೊಳಗ ರಾಗಿ ಬಿದ್ದಿತ್ತು. ಅದಕ್ಕೆ ನಾನು ಬೀಜವನ್ನೇ ಇಟ್ಟಿರಲಿಲ್ಲ.

ಆಮೇಲೆ ಅಪ್ಪ ಕೊಳಗವನ್ನೇ ಅಕ್ಕನ ಕೈಗೆ ಕೊಟ್ಟನೆಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅಕ್ಕ ಒಪ್ಪುತ್ತಿರಲಿಲ್ಲ; ಅಪ್ಪ ಏನೂ ಹೇಳಲಿಲ್ಲ, ತಾನು ಚೀಲ ಹಿಡಿದೇ ನಿಂತಿದ್ದೆ, ಮರುದಿನವೂ ಹೋದೆ, ಅಷ್ಟೇ ಎನ್ನುತ್ತಿದ್ದಳು. ಲೆಕ್ಕ ತಪ್ಪದವಳು ಅವಳು. ನೀವು ಅವಳ ಮಾತನ್ನೇ ನಂಬಿ.

ಈಗ ನಿಮ್ಮ ಮನೆಗೆ ರಾಗಿ ಹಿಟ್ಟಾಗಿಯೇ ಬರುತ್ತದೆ, ತೂಕ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ನೀವು ಒಂದರಿಂದ ಶುರುಮಾಡಿ ನೂರರವರೆಗೆ ಒಂದೇ ಉಸಿರಿಗೆ ಹೇಳುತ್ತೀರಿ. ಮೆಟ್ಟಿಲು ಹತ್ತುವಾಗ ನಿಮ್ಮ ಜೊತೆ ನಾನೂ ಎಣಿಸುತ್ತೇನಲ್ಲ, ಮೊದಲ ಮೆಟ್ಟಿಲಿಗೆ ನನ್ನ ಬಾಯಿ ಇವತ್ತಿಗೂ ಸುಮ್ಮನಿರುತ್ತದೆ. ಕಾಲು ಮಾತ್ರ ಇಟ್ಟಿರುತ್ತೇನೆ.