ಭಾವ ಬಾಗಿಲು ತೆರೆದು ನೋಡಿದ ದಿನ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದೊಡ್ಡ ಸರಕು ಹಡಗೊಂದರಲ್ಲಿ ಎರಡನೇ ಅಧಿಕಾರಿ. ಸಂಬಳದ ಕೆಲಸದ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವನ್ನೂ ಮೈಮೇಲೆ ಎಳೆದುಕೊಂಡಿದ್ದರು. ಆರು ಗಂಟೆಗೊಮ್ಮೆ ಗಾಳಿ, ಮೋಡ, ಅಲೆಯ ಎತ್ತರ, ವಾಯುಭಾರ, ಸಮುದ್ರದ ನೀರಿನ ಬಿಸಿ ಎಲ್ಲವನ್ನೂ ನೋಡಿ, ಬರೆದು, ದಡದ ಹವಾಮಾನ ಕಚೇರಿಗೆ ಕಳಿಸುವ ಕೆಲಸ. ನಡುಗಡಲಿನಲ್ಲಿ ಕಚೇರಿಗೆ ಕಣ್ಣಿಲ್ಲ. ಹೋಗಿ ಬರುವ ಹಡಗಿನವರೇ ಅದರ ಕಣ್ಣು. ಮನಸ್ಸಿದ್ದವರು ಮಾಡಬಹುದು, ಇಲ್ಲದವರನ್ನು ಯಾರೂ ಬಲವಂತ ಮಾಡುವುದಿಲ್ಲ. ಭಾವನಿಗೆ ಮನಸ್ಸಿತ್ತು. ರಜೆಗೆ ಬಂದಾಗ ಊಟ ಮುಗಿಸಿ ಕಿಟಕಿಯ ಬಳಿ ನಿಂತು, ಇವತ್ತು ಮಳೆ ಖಂಡಿತ ಎಂದರೆ ಅಕ್ಕ ನಿಶ್ಚಿಂತೆಯಿಂದ ಬಟ್ಟೆ ಒಗೆದು ಒಣಹಾಕುತ್ತಿದ್ದಳು.

ಮೊದಲ ಎರಡು ವರ್ಷ ಅವರು ನಿಯತ್ತಾಗಿಯೇ ಮಾಡಿದರಂತೆ. ಹಗ್ಗ ಕಟ್ಟಿದ ಬಕೆಟ್ಟನ್ನು ಕಡಲಿಗೆ ಇಳಿಸಿ, ನೀರು ಸೇದಿ, ಅದರ ಬಿಸಿ ಅಳೆಯುವುದು. ಒಮ್ಮೆ ಅಲೆ ಬಕೆಟ್ಟನ್ನು ಕಿತ್ತುಕೊಂಡಿತು, ಜೊತೆಗೆ ಭಾವನ ತೋಳೂ ಹೋಗುವುದರಲ್ಲಿತ್ತು. ಅಲ್ಲಿಂದ ಅವರು ಹೊರಗೆ ಹೋಗುವುದನ್ನು ಬಿಟ್ಟು ಕಿಟಕಿಯಿಂದ ನೋಡತೊಡಗಿದರು. ಆಮೇಲೆ ಕುರ್ಚಿಯಿಂದ. ಆಮೇಲೆ ನೋಡುವುದನ್ನೇ ಬಿಟ್ಟರು. ಅದೇ ಹವಾಮಾನ ಕಚೇರಿ ದಿನಕ್ಕೆರಡು ಬಾರಿ ಹಡಗಿಗೆ ಒಂದು ನಕ್ಷೆ ಕಳಿಸುತ್ತಿತ್ತು: ಎಲ್ಲಿ ಎಷ್ಟು ಗಾಳಿ ಬೀಸಲಿದೆ, ಅಲೆ ಎಷ್ಟು ಏಳಲಿದೆ ಎಂದು. ಅವರೇ ಇಷ್ಟೆಲ್ಲ ತಿಳಿದಿರುವಾಗ ತಾನೇಕೆ ನೆನೆಯಬೇಕು? ಭಾವ ಆ ಅಂಕಿಗಳನ್ನೇ ತೆಗೆದು, ಅನುಮಾನ ಬಾರದಂತೆ ಅಲ್ಲೊಂದು ಚೂರು ಏರಿಸಿ ಇಲ್ಲೊಂದು ಚೂರು ಇಳಿಸಿ, ಅದೇ ಕಚೇರಿಗೆ ಕಳಿಸತೊಡಗಿದರು. ಕಚೇರಿಯವರು ಹಿಗ್ಗಿ ಹೀರೇಕಾಯಿಯಾದರು. ಎಲ್ಲ ಹಡಗುಗಳಲ್ಲಿ ನಿಮ್ಮ ವರದಿಯೇ ನಮ್ಮ ಮುನ್ಸೂಚನೆಗೆ ಅತಿ ಹತ್ತಿರ ಎಂದು ವರ್ಷ ವರ್ಷವೂ ಹೊಗಳಿ ಕಾಗದ ಬರೆದರು, ಅದು ಕಂಪನಿಯ ಹಡಗುಗಳಿಗೆಲ್ಲ ಗೊತ್ತಾಯಿತು. ಬಾವಿಗೆ ಬಾಗಿ ಕೂಗಿದವನು, ಒಳಗಿರುವವನ ಕಂಠ ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿಕೊಂಡ ಹಾಗೆ. ಹದಿನಾರು ವರ್ಷ ಹೀಗೇ ನಡೆಯಿತು.

ಹದಿನಾರನೆಯ ವರ್ಷ ನಮ್ಮ ಮನೆಯವರು ಅದೇ ಕಂಪನಿಯ ಇನ್ನೊಂದು ಹಡಗಿನಲ್ಲಿ ಅಡುಗೆಯವರಾಗಿದ್ದರು. ಹಳೆಯದು, ಚಿಕ್ಕದು, ಭಾವನ ಹಡಗಿಗಿಂತ ಅರ್ಧ ದಿನದ ದಾರಿ ಹಿಂದೆ ಬರುತ್ತಿತ್ತು. ಒಂದು ಮಧ್ಯಾಹ್ನ ಭಾವ ಎಂದಿನಂತೆ ನಕ್ಷೆ ಮುಂದಿಟ್ಟುಕೊಂಡು ‘ಮಂದ ಗಾಳಿ, ಸಣ್ಣ ಅಲೆ’ ಎಂದು ಬರೆಯುತ್ತಿದ್ದಾಗ ಪೆನ್ನು ಮೇಜಿನಿಂದ ಉರುಳಿತು. ಎತ್ತಿಟ್ಟರೆ ಮತ್ತೆ ಉರುಳಿತು. ವಾಯುಭಾರದ ಮುಳ್ಳು ನೋಡನೋಡುತ್ತಲೇ ಇಳಿಯುತ್ತಿತ್ತು. ಭಾವ ಎದ್ದು ಬಾಗಿಲು ತೆರೆದರು. ದಕ್ಷಿಣದ ಆಕಾಶ ಬಾಣಲೆಯ ತಳದಂತೆ ಕಪ್ಪಾಗಿತ್ತು.

ಅವತ್ತು ಅವರು ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿದರು. ನಿಮ್ಮ ಅಂಕಿಗಳು ನಮ್ಮ ನಕ್ಷೆಗೆ ಹೊಂದುತ್ತಿಲ್ಲ, ಉಪಕರಣ ಪರೀಕ್ಷಿಸಿಕೊಳ್ಳಿ ಎಂದು ಉತ್ತರ ಬಂತು. ಮತ್ತೆ ಕಳಿಸಿದರು. ಮತ್ತೆ ಅದೇ ಉತ್ತರ.

ಅವರ ಹಡಗು ತಡೆದುಕೊಳ್ಳುವಂಥದ್ದು. ಹಿಂದಿನದು ಹಾಗಲ್ಲ. ಭಾವ ರೇಡಿಯೊದಲ್ಲಿ ಅದರ ಕ್ಯಾಪ್ಟನ್ನರನ್ನು ಕರೆದು ಹಿಂತಿರುಗಿ ಎಂದರು. ಆ ಹೊತ್ತಿಗೆ ಕ್ಯಾಪ್ಟನ್ನರಿಗೆ ಚಹಾ ಕೊಡಲು ಹೋಗಿದ್ದ ನಮ್ಮವರು ಅಲ್ಲೇ ನಿಂತು ಕೇಳಿಸಿಕೊಂಡರು. ನಕ್ಷೆಯಲ್ಲಿ ಏನೂ ಇಲ್ಲ, ಎರಡು ದಿನ ತಡವಾದರೆ ಕಂಪನಿ ತನ್ನನ್ನು ಹುರಿದು ತಿನ್ನುತ್ತದೆ ಎಂದು ಕ್ಯಾಪ್ಟನ್ ಗೊಣಗಿದರು.

"ಹದಿನಾರು ವರ್ಷ ನಕ್ಷೆ ಸರಿ ಅಂತ ನೀವೇ ಬರ್ದಿದ್ದೀರಿ ಸಾಹೇಬ್ರೇ. ಇವತ್ತೊಂದಿನ ತಪ್ಪು ಅಂದ್ರೆ ಹೇಗೆ ನಂಬ್ಲಿ?"

ಅದೇ ಚಾನೆಲ್‌ನಲ್ಲಿ ಸುತ್ತಲಿನ ಐದಾರು ಹಡಗಿನವರು ಕಿವಿಯಿಟ್ಟಿರುತ್ತಾರೆಂದು ಭಾವನಿಗೆ ಗೊತ್ತಿಲ್ಲದ್ದೇನಲ್ಲ.

"ಹದಿನಾರು ವರ್ಷ ನಾನು ನೋಡೇ ಇಲ್ಲ ಸ್ವಾಮಿ. ಅವ್ರ ನಕ್ಷೇನೇ ಕಾಪಿ ಹೊಡ್ದು ಅವ್ರಿಗೇ ಕಳಿಸ್ತಿದ್ದೆ. ಇವತ್ತು ಬಾಗ್ಲು ತೆಗ್ದು ನೋಡ್ದೆ. ಅದಕ್ಕೇ ಹೊಂದ್ತಿಲ್ಲ."

ಯಾವುದೋ ಹಡಗಿನಿಂದ ಒಬ್ಬ ನಕ್ಕ. "ಬಾಗ್ಲು ಎಲ್ಲಿದೆ ಅಂತ ಯಾರನ್ನ ಕೇಳಿದ್ರಿ ಸಾಹೇಬ್ರೇ?" ಎಂದು ಇನ್ನೊಬ್ಬ ವಿಚಾರಿಸಿದ.

ಕ್ಯಾಪ್ಟನ್ ಮಾತ್ರ ನಗಲಿಲ್ಲ. ಸುಳ್ಳು ಹೇಳುವವನು ತನ್ನ ಮಾನವನ್ನು ತಾನೇ ಹರಾಜಿಗಿಡುವುದಿಲ್ಲ ಎಂದು ನಮ್ಮವರಿಗೆ ಹೇಳಿ, ಚಹಾ ಲೋಟ ಕೆಳಗಿಟ್ಟು ಹಡಗು ತಿರುಗಿಸಿದರು. ಅವತ್ತು ಸಂಜೆಯ ಬಿರುಗಾಳಿಗೆ ಭಾವನ ದೊಡ್ಡ ಹಡಗಿನ ಮೇಲಿದ್ದ ಸರಕು ಪೆಟ್ಟಿಗೆಗಳಲ್ಲೇ ಹನ್ನೊಂದು ಸಮುದ್ರದ ಪಾಲಾದವು.

ಈಗ ಭಾವ ನಿಜವಾಗಿಯೂ ಹೊರಗೆ ಹೋಗಿ ನೋಡುತ್ತಾರೆ. ಹೊಸ ಬಕೆಟ್ ತಂದಿದ್ದಾರೆ. ನಿಮ್ಮ ವರದಿಗಳ ಗುಣಮಟ್ಟ ಇತ್ತೀಚೆಗೆ ಕುಸಿದಿದೆ, ವಿಷಾದವಾಗುತ್ತದೆ ಎಂದು ಕಚೇರಿಯಿಂದ ಕಾಗದ ಬಂದಿದೆ. ಕಚೇರಿಯದು ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗದ ಕಥೆ. ಇಡೀ ಬಂದರಿನಲ್ಲಿ ಭಾವನಿಗೆ ‘ಬಾಗಿಲು ಸಾಹೇಬ’ ಎಂದೇ ಹೆಸರು. ಹಾಗೆ ಕರೆದರೆ ಓಗೊಡುತ್ತಾರೆ.

ರಜೆಗೆ ಬಂದಾಗ ನಾನು, ನಿಮ್ಮಿಂದ ಇವರು ಉಳಿದರು ಭಾವ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದೆ. ಅವರು ತಟ್ಟೆಯಿಂದ ಮುಖ ಎತ್ತಲಿಲ್ಲ.

"ಇವ್ನು ಹಿಂದಿದ್ದ ಅಂತ ಗೊತ್ತಿತ್ತು, ಎದ್ದೆ ಕಣಮ್ಮ. ಮಿಕ್ಕ ದಿನ ಹಿಂದೆ ಯಾರ್ಯಾರಿದ್ರೋ."

ಅಕ್ಕ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಆ ಲೆಕ್ಕ ಕೇಳಬೇಕಾದವನು ನಾನು ಕೈಮುಗಿಯುವ ದೇವರು, ಅವನೇ ಕೇಳಿಕೊಳ್ಳಲಿ.