ಎರಡು ವಿಶ್ವವಿದ್ಯಾಲಯಗಳ ನಡುವೆ ಟಪಾಲಣ್ಣ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ನೇರಳೆ. ಸುತ್ತಲಿನ ಹಳ್ಳಿಗಳ ಮುದುಕಿಯರಿಗೆ ಪಿಂಚಣಿಯ ಮನಿಆರ್ಡರ್ ಕೊಡುವಾಗ ಒಬ್ಬೊಬ್ಬರ ಹೆಬ್ಬೆಟ್ಟನ್ನೂ ತಾವೇ ಹಿಡಿದು, ಇಂಕಿನ ಪ್ಯಾಡಿಗೆ ಒತ್ತಿ, ಫಾರಂ ಮೇಲೆ ಊರಿಸಬೇಕಿತ್ತು. ಎಷ್ಟು ಉಜ್ಜಿದರೂ ಬಣ್ಣ ಬಿಡುತ್ತಿರಲಿಲ್ಲ. ಮುದ್ದೆಯ ಮೇಲೂ ನೇರಳೆ ಗುರುತು ಬೀಳುತ್ತದೆಂದು ಅವರ ಹೆಂಡತಿ ಊರೆಲ್ಲ ಹೇಳಿಕೊಂಡು ನಗುತ್ತಿದ್ದರು.

ಹಳ್ಳಿಮೈಸೂರಿನ ಸುತ್ತಿಗೆಲ್ಲ ಅವರು ಟಪಾಲಣ್ಣ. ಅಂಚೆ ಇಲಾಖೆಯ ಲೆಕ್ಕದಲ್ಲಿ ಪೂರ್ತಿ ನೌಕರರೂ ಅಲ್ಲ; ದಿನಕ್ಕೆ ಕೆಲವು ಗಂಟೆಯ ಕೆಲಸ, ಉಳಿದ ಹೊತ್ತು ಹೊಲ ಮತ್ತು ಎರಡು ಎಮ್ಮೆ. ಓದಿದ್ದು ಒಂಬತ್ತನೇ ಕ್ಲಾಸು. ಆದರೆ ಕವರಿನ ಮೇಲೆ ಏನಿದ್ದರೂ ಓದುವ ಚಾಳಿ: ಕಳಿಸಿದವರ ವಿಳಾಸ, ಮುದ್ರೆ, ತೂಕ, ಎಲ್ಲ. ಒಳಗಿರುವುದಕ್ಕೆ ಮಾತ್ರ ಎಂದೂ ಆಸೆಪಟ್ಟವರಲ್ಲ. "ಒಳಗಡೇದು ನಿಮ್ದು, ವರಗಡೇದು ನಮ್ದು" ಎನ್ನುತ್ತಿದ್ದರು.

ನಾನು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಮದುವೆಯಾಗಿ ಹಳ್ಳಿಮೈಸೂರಿಗೆ ಬಂದವಳು. ಅಲ್ಲಿ ಅಂಗನವಾಡಿ ಟೀಚರು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಹೋಗದೆ, ಬೇಗ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಜೆಒಸಿ ಎಂಬ ಎರಡು ವರ್ಷದ ಉದ್ಯೋಗದ ಕೋರ್ಸು ಮಾಡಿದ್ದೆ. ಅದು ಪಿಯುಸಿಗೆ ಸಮವೋ ಅಲ್ಲವೋ ಎನ್ನುವುದು ಆ ಕಾಲದಲ್ಲಿ ಒಂದೊಂದು ಕಚೇರಿಯಲ್ಲಿ ಒಂದೊಂದು ಥರ. ಕೊನೆಗೆ ನಾಲ್ಕು ಸಲ ಹಾಸನಕ್ಕೆ ಅಲೆದು, ಸಮ ಎಂದು ಹೇಳುವ ಒಂದು ಪತ್ರ ಸಂಪಾದಿಸಿದ್ದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಆ ಕವರನ್ನು ಇನ್ನೊಂದು ಕವರಿನಲ್ಲಿಟ್ಟು, ಎಲ್ಲಿಟ್ಟೆನೆಂದು ಮರೆತು ಎರಡು ದಿನ ಅತ್ತಿದ್ದೆ. ನನ್ನ ಸ್ವಭಾವ ಇಷ್ಟರಲ್ಲೇ ತಿಳಿದಿರಬೇಕು.

ಪದವಿ ಇರುವ ಅಂಗನವಾಡಿ ಟೀಚರುಗಳಿಗೆ ಮೇಲ್ವಿಚಾರಕಿಯ ಹುದ್ದೆ ಕೊಡುತ್ತಾರೆಂಬ ಸುದ್ದಿ ಹುಟ್ಟಿದ್ದು ಎರಡು ಸಾವಿರದ ಇಸವಿಯ ಆಸುಪಾಸು. ವಯಸ್ಸಿಗೆ ಮಿತಿ ಇತ್ತು, ನನಗೆ ಉಳಿದಿದ್ದು ಕೆಲವೇ ವರ್ಷ. ಗೌರವಧನವೆಂಬ ಆ ಪುಡಿಗಾಸಿನಿಂದ ಸಂಬಳವೆಂಬ ಸಂಬಳಕ್ಕೆ ಏರಲು ಬೇರೆ ದಾರಿ ಕಾಣುತ್ತಿರಲಿಲ್ಲ. ಕಾಲೇಜಿಗೆ ಹೋಗಿ ಕೂರುವಂತಿಲ್ಲ. ಬೇಗ ಆಗಬೇಕು, ಅಗ್ಗದಲ್ಲಿ ಆಗಬೇಕು, ಮನೆಯಲ್ಲೇ ಆಗಬೇಕು.

ಅಂಚೆಯಲ್ಲಿ ಪಾಠ ಕಳಿಸುವ ಇಲ್ಲಿನದೇ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದೆ. ಮೂರು ವರ್ಷ. ಸೇರಿದ ರಾತ್ರಿಯೇ ಚಿಂತೆ ಹತ್ತಿತು: ನಡುವೆ ಫೇಲಾದರೆ? ಹುದ್ದೆ ಮೊದಲೇ ಕರೆದುಬಿಟ್ಟರೆ? ಹದಿನೈದು ದಿನ ಕಳೆದು ಹಾಸನದಲ್ಲಿ ಬೇಕರಿಯೊಂದರ ಮಹಡಿಯ ಮೇಲಿದ್ದ ಒಂದು ಸೆಂಟರಿಗೆ ಹೋದೆ. ಎಲ್ಲೋ ಉತ್ತರದ ಕಡೆಯ ವಿಶ್ವವಿದ್ಯಾಲಯದ್ದಂತೆ. ಅಲ್ಲಿದ್ದವನು ನನ್ನ ಕಾಗದಗಳನ್ನು ಇಸ್ಪೀಟಿನ ಎಲೆಯಂತೆ ಹರಡಿಕೊಂಡು, "ಜೆಒಸಿಗೆ ಒಂದು ವರ್ಷದ ಕ್ರೆಡಿಟ್ಟು, ನಿಮ್ಮ ಅಂಗನವಾಡಿ ಅನುಭವಕ್ಕೆ ಇನ್ನೊಂದು ವರ್ಷದ ಕ್ರೆಡಿಟ್ಟು. ಉಳಿದಿದ್ದು ಒಂದೇ ವರ್ಷ ಮೇಡಂ, ಒಂದೇ ಸಲ ಪರೀಕ್ಷೆ" ಎಂದ. ಮಕ್ಕಳ ಮೂಗು ಒರೆಸಿದ್ದಕ್ಕೂ ಅಂಕ ಸಿಗುತ್ತದೆಂದು ಗೊತ್ತಾಗಿ ನನಗೆ ಕಣ್ಣು ತುಂಬಿ ಬಂತು. ಅರ್ಧ ಫೀಸು ಕಟ್ಟಿದೆ. ಕೇಳಿದ ಕಾಗದಗಳನ್ನೆಲ್ಲ ಕೊಟ್ಟೆ. ಅದಾಗದಿದ್ದರೆ ಇದು, ಇದಾಗದಿದ್ದರೆ ಅದು ಎಂದು ಅವತ್ತು ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆ ನೆಮ್ಮದಿ ಟಪಾಲಣ್ಣ ಅಂಗನವಾಡಿಯ ಬಾಗಿಲಿಗೆ ಬರುವವರೆಗೆ. ಎರಡು ರಿಜಿಸ್ಟರ್ಡ್ ಕಟ್ಟುಗಳನ್ನು ಕೈಯಲ್ಲಿ ತೂಗುತ್ತ ನಿಂತಿದ್ದರು.

"ಏನವ್ವ ಟೀಚರಮ್ಮ, ಎಲ್ಡು ಯೂನಿವರ್ಸಿಟಿಗೆ ಸೇರ್ಕಂಡಿದ್ದೀಯಾ?"

"ಒಂದು ಹೋದ್ರೆ ಇನ್ನೊಂದು ಇರಲಿ ಅಂತ, ಟಪಾಲಣ್ಣ."

"ಅಂಗೆಲ್ಲ ಸೇರಂಗಿಲ್ಲ ಕಣವ್ವ. ಒಬ್ಬರ್ಗೆ ಒಂದ್ಸಲಕ್ಕೆ ಒಂದೇ ಡಿಗ್ರಿ. ಫಾರಮ್ಮಿನಾಗೆ ಸೈನ್ ಆಕಿಲ್ವಾ, ಬ್ಯಾರೆ ಎಲ್ಲೂ ಸೇರಿಲ್ಲ ಅಂತ?"

ಹಾಕಿದ್ದೆ. ಎರಡೂ ಕಡೆ, ಓದದೆ, ಚಂದವಾಗಿ.

"ಯಾರಾದ್ರೂ ಒಂದು ಅರ್ಜಿ ಗೀಚುದ್ರೆ ಎಲ್ಡೂ ಓಯ್ತದೆ. ಒಂದ ಈಸ್ಕೊ, ಒಂದ ಬ್ಯಾಡ ಅನ್ನು. ಬ್ಯಾಡ ಅಂದುದ್ದು ಕಳ್ಸ್ದೋರ್ಗೇ ವಾಪಸ್ ಓಯ್ತದೆ, ಸೇರಿದ್ದೂ ಅಲ್ಲಿಗೆ ಬುಟ್ಟಂಗೆ."

"ಯಾವುದು ಬೇಡ ಅನ್ನಲಿ?"

"ನನ್ನ ಕೇಳುದ್ರೆ? ಏಳು ದಿನ ಆಪೀಸ್ನಲ್ಲಿ ಮಡಗಿರ್ತೀನಿ, ಅಷ್ಟು ಮಾಡ್ಬೋದು. ಯೋಚ್ನೆ ಮಾಡು."

ಯೋಚನೆ ಮಾಡು ಎಂದು ನನ್ನಂಥವಳಿಗೆ ಹೇಳಬಾರದು. ಆ ಏಳು ದಿನ ನಾನು ಅನ್ನ ಬಸಿದಿದ್ದೇನೋ ಚೆಲ್ಲಿದ್ದೇನೋ ನೆನಪಿಲ್ಲ. ಚನ್ನರಾಯಪಟ್ಟಣದಲ್ಲಿ ಮೇಷ್ಟರಾಗಿದ್ದ ಅಣ್ಣನನ್ನು ಹೋಗಿ ಕೇಳಿದೆ. ಒಂದೇ ವರ್ಷದಲ್ಲಿ ಮುಗಿಯುವುದನ್ನು ಬಿಟ್ಟು ಮೂರು ವರ್ಷ ಯಾರು ಓದುತ್ತಾರೆ, ನಿನಗೇನು ತಲೆ ಕೆಟ್ಟಿದೆಯಾ ಎಂದ. ಅರಕಲಗೂಡಿನ ಗೆಳತಿ, ಅವಳೂ ಅಂಗನವಾಡಿಯವಳೇ, ಎರಡನ್ನೂ ಇಟ್ಟುಕೊ, ಯಾರು ನೋಡುತ್ತಾರೆ ಎಂದಳು. ಹಾಸನದ ಸೆಂಟರಿನವನು ಇಂಡಿಯಾದಲ್ಲೆಲ್ಲ ನಡೆಯುತ್ತೆ ಮೇಡಂ ಎಂದು ಗೋಡೆಯ ಮೇಲಿನ ಭಾರತದ ನಕ್ಷೆ ತೋರಿಸಿದ. ನಮ್ಮ ಯಜಮಾನರು ನಿನಗೆ ಯಾವುದು ಸರಿಯೋ ಅದು ಎಂದು ಮಗ್ಗುಲು ತಿರುಗಿದರು. ಎಲ್ಲರ ಮಾತೂ ಸರಿ ಅನ್ನಿಸಿತು. ಅದೇ ನನ್ನ ಕಷ್ಟ.

ಏಳನೇ ದಿನ ಅವರು ಬಂದಾಗ ನಾನು ಮಕ್ಕಳನ್ನು ಒಬ್ಬೊಬ್ಬರಾಗಿ ತಕ್ಕಡಿಗೆ ಹಾಕಿ ತೂಕ ಬರೆಯುತ್ತಿದ್ದೆ. ಒಂದೇ ಮಗುವನ್ನು ಎರಡು ಸಲ ತೂಗಿದ್ದನ್ನು ಅವರೇ ಕಂಡುಹಿಡಿದರು.

"ಇಳ್ಸವ್ವ ಅದ್ನ, ಪಾಪ. ಏನ್ ತೀರ್ಮಾನ ಮಾಡ್ದೆ?"

"ಏನೂ ಗೊತ್ತಾಗ್ತಿಲ್ಲ. ನೀವೇ ಹೇಳಿ ಟಪಾಲಣ್ಣ, ಕೈ ಮುಗೀತೀನಿ."

ಅವರು ಜಗಲಿಯ ಮೇಲೆ ಕೂತು ಹೆಗಲ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. "ಇನ್ನೊಬ್ಬರ ಟಪಾಲಿನ ವಿಸ್ಯ ಬಾಯಿ ಬುಡಬಾರ್ದು. ಬುಟ್ರೆ ಕೆಲ್ಸ ಓಯ್ತದೆ. ಆದ್ರೂ ಕೇಳ್ದಲ್ಲ, ಏಳ್ತೀನಿ. ಈ ಬೇಕರಿ ಮೇಗಳ ಯೂನಿವರ್ಸಿಟಿ ಕಟ್ಟು ಎಲ್ಡು ವರ್ಸದಿಂದ ನಮ್ ಸುತ್ತಿನಾಗೆ ಮೂರ್ ಮನೆಗೆ ಕೊಟ್ಟಿವ್ನಿ. ಮಾರ್ಕ್ಸ್ ಕಾರ್ಡು ಒಬ್ಬರ್ಗೂ ಕೊಟ್ಟಿಲ್ಲ. ನೆನ್ನೆ ಚೀಲ ತರಕೆ ಒಳೆನರಸೀಪುರಕ್ಕೆ ಓಗಿದ್ನಲ್ಲ, ನಮ್ ಟಪಾಲ್ನೋರ್ನೆಲ್ಲ ವಿಚಾರ್ಸ್ದೆ. ಅರಕಲಗೂಡ್ಗೂ ಬಂದಿಲ್ವಂತೆ. ಚನ್ನರಾಯಪಟ್ಣಕ್ಕೆ ಒಂದೇ ಒಂದು ಬಂದದಂತೆ."

"ಬಂದಿದೆಯಲ್ಲ ಮತ್ತೆ!"

"ಬಂದದೆ. ಅದು ಆ ಸೆಂಟರ್ನೋನ ಬಾಮೈದಂದಂತೆ."

ನಾನು ನಗಬೇಕೋ ಅಳಬೇಕೋ ತಿಳಿಯದೆ ಮಗುವನ್ನು ಮೂರನೇ ಸಲ ಎತ್ತಿಕೊಂಡೆ. "ಹಾಗಾದ್ರೆ ಅದು ಮೋಸವಾ?"

"ಅದು ನಂಗೊತ್ತಿಲ್ಲ ಕಣವ್ವ. ನಾನು ಓದ್ದೋನಲ್ಲ. ಏನ್ ಬತ್ತದೆ, ಏನ್ ಬರಲ್ಲ, ಅಷ್ಟೇ ನಂಗೊತ್ತಿರಾದು."

ಬೇಕರಿಯ ಮಹಡಿಯ ಕಟ್ಟನ್ನು ಬೇಡವೆಂದೆ. ಅವರು ಅದರ ಮೇಲೆ 'ರೆಫ್ಯೂಸ್ಡ್' ಎಂದು ಇಂಗ್ಲಿಷಿನಲ್ಲಿ ಬರೆದರು. ಅವರಿಗೆ ಇಂಗ್ಲಿಷಿನಲ್ಲಿ ಬರೆಯಲು ಬರುತ್ತಿದ್ದುದು ಇಂಥ ಐದಾರು ಪದ. ಆದರೆ ಅಕ್ಷರ ಮುತ್ತಿನಂತೆ. ಸೈಕಲ್ ಹತ್ತಿ ಹೊರಟರು. ಅವರು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ನನಗೆ ತಪ್ಪು ಮಾಡಿದೆ ಅನ್ನಿಸಿ ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಅವರು ತಿರುಗಿಯೂ ನೋಡಲಿಲ್ಲ. "ಓಡ್ಬ್ಯಾಡ ಕಣವ್ವ, ಬಿದ್ದೀಯಾ. ನಾನ್ ನಿಲ್ಲಲ್ಲ!" ಎಂದು ಕೂಗಿಕೊಂಡೇ ಹೋದರು.

ಆಮೇಲಿನ ಮೂರು ವರ್ಷ ನನ್ನ ಕಾಲೇಜು ಎಂದರೆ ಅವರೇ. ಪರೀಕ್ಷೆ ಫೀಸಿನ ಕೊನೆಯ ದಿನ ನನಗಿಂತ ಮೊದಲು ಅವರಿಗೆ ಗೊತ್ತು. ಪಕ್ಕದ ಊರಿನಲ್ಲಿ ಅದೇ ಕೋರ್ಸು ಮುಗಿಸಿದವರಿಂದ ಹಳೆಯ ಪ್ರಶ್ನೆಪತ್ರಿಕೆ, ನೋಟ್ಸುಗಳನ್ನು ಬೇಡಿ ತಂದುಕೊಟ್ಟರು. ಯಾವ ವಿಷಯ ತೆಗೆದುಕೊಳ್ಳಲಿ ಎಂದು ನಾನು ತಲೆ ಚಚ್ಚಿಕೊಳ್ಳುವಾಗ, "ಗೊತ್ತಿರಾದ್ನೇ ಓದವ್ವ, ಬಿರ್ರನೆ ಮುಗೀತದೆ. ಗೊತ್ತಿಲ್ದೇ ಇರಾದ್ನ ಸಂಬ್ಳ ಬಂದ್ಮೇಲೆ ಓದ್ಕಂಡ್ರಾಯ್ತು" ಎಂದರು. ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ ಓದಿ, ಹಾಸನಕ್ಕೆ ಹೋಗಿ ಬರೆದು, ಒಂದರಲ್ಲೂ ಫೇಲಾಗದೆ ಮುಗಿಸಿದೆ.

ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಕರೆದರು. ಜೊತೆಗೆ ಪರೀಕ್ಷೆ ಬರೆದ ಎಲ್ಲರ ಡಿಗ್ರಿ ಫಲಿತಾಂಶ ಬಂತು, ನನ್ನದು ಬರಲಿಲ್ಲ. ವಿಶ್ವವಿದ್ಯಾಲಯದವರು ತಡೆಹಿಡಿದಿದ್ದರು: ಜೆಒಸಿ ಪಿಯುಸಿಗೆ ಸಮ ಎನ್ನುವ ಪತ್ರದ ಮೂಲ ಪ್ರತಿ ಬೇಕಂತೆ. ಸೇರುವಾಗ ನಾನು ಜೆರಾಕ್ಸ್ ಕೊಟ್ಟು, ಮೂಲ ಪ್ರತಿ ಆಮೇಲೆ ತರುತ್ತೇನೆ ಎಂದು ಬರೆದುಕೊಟ್ಟಿದ್ದೆ. ಅದು ಎಲ್ಲಿತ್ತು? ಅವತ್ತು ಕೊಟ್ಟ ಕಾಗದಗಳ ಜೊತೆ ಬೇಕರಿಯ ಮಹಡಿಯಲ್ಲಿ. ಓಡಿಹೋಗಿ ನೋಡಿದರೆ ಮಹಡಿಯಲ್ಲಿ ಬ್ಯೂಟಿ ಪಾರ್ಲರು. ಇನ್ನೊಂದು ಪ್ರತಿಗೆ ಅಲೆದು, ಕಳಿಸಿ, ಕಾಯುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದುಹೋಯಿತು.

ಆ ದಿನ ಟಪಾಲಣ್ಣ ಬಂದು, "ಇವತ್ತೂ ಬರ್ಲಿಲ್ಲ ಕಣವ್ವ" ಎಂದರು. ತಪ್ಪು ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕಿರುಚಿದೆ: "ನಿನ್ನ ಮಾತು ಕೇಳಿ ಹಾಳಾದೆ! ಅದನ್ನೇ ಇಟ್ಟುಕೊಂಡಿದ್ದರೆ ಎರಡು ವರ್ಷದ ಹಿಂದೆಯೇ ಡಿಗ್ರಿ ಆಗುತ್ತಿತ್ತು!" ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವರು ನೇರಳೆ ಬೆರಳಿನಿಂದ ಕಿವಿ ಕೆರೆದುಕೊಂಡರು. "ಓಗ್ಲಿ ಬುಡವ್ವ" ಎಂದು ಹೊರಟರು. ಹತ್ತೊಂಬತ್ತು ದಿನದ ಮೇಲೆ ಮಾರ್ಕ್ಸ್ ಕಾರ್ಡು ತಂದುಕೊಟ್ಟಾಗ ನಾನು ಮುಖ ನೋಡದೆ ಸಹಿ ಹಾಕಿ ಒಳಗೆ ಹೋದೆ. ಮೊದಲ ದರ್ಜೆ ಬಂದಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಆಮೇಲೆ ಅವರು ವಯಸ್ಸಾಗಿ ಕೆಲಸ ಬಿಟ್ಟರು. ಎದುರು ಸಿಕ್ಕರೆ ನಾನೇ ಬೇರೆ ದಾರಿ ಹಿಡಿಯುತ್ತಿದ್ದೆ.

ನನ್ನ ವಯಸ್ಸಿನ ಮಿತಿಗೆ ಇನ್ನು ಎಂಟು ತಿಂಗಳು ಉಳಿದಿದ್ದಾಗ ಮತ್ತೆ ಹುದ್ದೆ ಕರೆದರು. ಹಾಸನದಲ್ಲಿ ದಾಖಲೆ ಪರಿಶೀಲನೆ. ಸಾಲಿನಲ್ಲಿ ನನ್ನ ಮುಂದೆ ನಮ್ಮ ಸುತ್ತಿನ ಮೂವರು ಹೆಂಗಸರಿದ್ದರು, ಮೂವರದೂ ಬೇಕರಿ ಮಹಡಿಯ ಪದವಿ. ಅಂತೂ ಅವರಿಗೂ ಮಾರ್ಕ್ಸ್ ಕಾರ್ಡು ಬಂದಿತ್ತಲ್ಲ ಎಂದು ನನಗೆ ಮತ್ತೆ ಗೊಂದಲ, ಬೆವರಿಬಿಟ್ಟೆ. ಮೇಜಿನ ಆಚೆಯವರು ಆ ಕಾರ್ಡುಗಳನ್ನು ತಿರುಗಿಸಿ ನೋಡಿ, ಇದಕ್ಕೆ ಮಾನ್ಯತೆ ಇದೆ ಎನ್ನುವ ಪತ್ರ ತನ್ನಿ ಎಂದು ಪಕ್ಕಕ್ಕೆ ನಿಲ್ಲಿಸಿದರು. ಅಂಥ ಪತ್ರ ಅವರ ಹತ್ತಿರ ಇರಲಿಲ್ಲ. ಎಲ್ಲೂ ಇರಲಿಲ್ಲ. ನನ್ನದಕ್ಕೆ ಟಿಕ್ ಹಾಕಿದರು.

ನೇಮಕದ ಆದೇಶ ಕೈಗೆ ಬಂದ ಸಂಜೆ ಕ್ಷಮೆ ಕೇಳಬೇಕೆಂದು ಟಪಾಲಣ್ಣನ ಮನೆಗೆ ಹೋದೆ. ಕಾಲು ಊದಿಕೊಂಡು ಜಗಲಿಯ ಮೇಲೆ ಮಲಗಿದ್ದರು. ಎದ್ದು ಕೂತು ಆದೇಶವನ್ನು ಎರಡು ಸಲ ಓದಿದರು. ಹಳೆಯ ಅಭ್ಯಾಸ, ಮೊದಲು ಕವರು. ನಾನು ಕ್ಷಮೆಗೆ ಪೀಠಿಕೆ ಹಾಕಲು ಪರಿಶೀಲನೆಯ ಕತೆ ಹೇಳಿದೆ.

"ಆ ಮೂರ್ ಜನಾನೂ ಇದ್ರಾ?" ಎಂದರು.

"ಇದ್ರು. ಒಬ್ಬಳು ಅಲ್ಲೇ ಕೂತು ಅತ್ತುಬಿಟ್ಟಳು."

ಅವರು ಆದೇಶವನ್ನು ಮಡಚಿ ಕವರಿಗೆ ಹಾಕಿದರು. "ನನ್ ಕೈಯಾರೆ ಕೊಟ್ನಲ್ಲವ್ವ ಆ ಕಟ್ಗಳ್ನ. ಸೈನ್ ಆಕುಸ್ಕಂಡು."

"ನಿಮ್ಮ ಕೆಲಸ ಅದು ಟಪಾಲಣ್ಣ."

"ನಿಂಗ್ ಏಳ್ದೆ. ಅವ್ರಿಗೆ ಏಳ್ಲಿಲ್ಲ."

"ಯಾಕೆ?"

"ನೀನು ಕೇಳ್ದೆ. ದಿನ ಬೆಳ್ಗಾದ್ರೆ ಮುಖ ಸಣ್ಣ ಮಾಡ್ಕಂಡು ಬಾಗ್ಲಲ್ಲಿ ನಿಂತಿರ್ತಿದ್ದೆ. ಅವ್ರು ನಗ್ತಾ ನಗ್ತಾ ಈಸ್ಕಂಡ್ರು. ನಗ್ತಾ ಈಸ್ಕಳಾರ್ಗೆ ಏನಂತ ಏಳಾದು?"

ಕ್ಷಮೆ ಕೇಳಲು ಹೋದವಳು ಅವರಿಗೆ ಸಮಾಧಾನ ಹೇಳುತ್ತ ಕೂತೆ. ಕ್ಷಮೆ ಮಾತ್ರ ಕೇಳಲೇ ಇಲ್ಲ. ಹೊರಡುವಾಗ ಅವರು, "ಆ ಎಣ್ಣುಮಕ್ಳಿಗೆ ನಿನ್ ಯೂನಿವರ್ಸಿಟಿ ಫಾರಮ್ ತರ್ಸಿಕೊಡವ್ವ. ನಿಂಗೀಗ ದಾರಿ ಗೊತ್ತು" ಎಂದರು. ಆಗಲಿ ಎಂದೆ. ಎರಡು ತಿಂಗಳಲ್ಲಿ ಅವರು ತೀರಿಕೊಂಡರು.

ಮೂವರ ಮನೆಗೂ ಫಾರಂ ಒಯ್ದೆ. ಇಬ್ಬರು ಸೇರಿಕೊಂಡರು, ಮುಗಿಸಿದರು ಕೂಡ, ಅಷ್ಟರಲ್ಲಿ ಹುದ್ದೆಯ ವಯಸ್ಸು ಮುಗಿದಿತ್ತು. ಹಾಸನದಲ್ಲಿ ಅತ್ತವಳು ಮಾತ್ರ ಫಾರಂ ನೋಡಿ, "ಇನ್ನೊಂದ್ಸಲ ಮೋಸ ಓಗಕೆ ನಂಗೆ ಸಕ್ತಿ ಇಲ್ಲ ಕಣಕ್ಕ" ಎಂದು ಬಾಗಿಲು ಹಾಕಿಕೊಂಡಳು. ಅವಳ ಅಂಗನವಾಡಿ ಈಗ ನನ್ನ ವಲಯದಲ್ಲೇ ಇದೆ. ತನಿಖೆಗೆ ಹೋದಾಗ ರಿಜಿಸ್ಟರು, ತೂಕದ ಪಟ್ಟಿ, ಎಲ್ಲವನ್ನೂ ತಪ್ಪಿಲ್ಲದೆ ಮುಂದಿಡುತ್ತಾಳೆ. ನನಗಿಂತ ಚೆನ್ನಾಗಿ ಬರೆಯುತ್ತಾಳೆ. ನಾನು ಸಹಿ ಹಾಕುತ್ತೇನೆ. ಫಾರಮ್ಮಿನ ವಿಷಯ ಈ ಸಲವಾದರೂ ಎತ್ತಲೋ ಬೇಡವೋ ಎಂದು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿರುವಾಗ ಅವಳೇ, "ಕಾಪಿ ಕುಡೀತೀರಾ ಮೇಡಂ?" ಎನ್ನುತ್ತಾಳೆ.