ನಗದೆ ಹೇಳಿದ ಮಾತು

ಟೀಚರಮ್ಮನಿಗೆ ಗಾಳಿ ಸೋಕಿದೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಪಾಪ, ಅವಳು ಕನ್ನಡಿಯ ಮುಂದೆ ಕುಣಿದು ಕುಪ್ಪಳಿಸಿ ಪಾಠ ಅಭ್ಯಾಸ ಮಾಡುತ್ತಿದ್ದಳು, ಅಷ್ಟೆ. ಹೊಸ ಕೆಲಸದ ತರಬೇತಿಯಲ್ಲಿ ಒಂದೇ ಕಟ್ಟಪ್ಪಣೆ: ಮಕ್ಕಳೊಂದಿಗೆ, ಅವರಿಗಿನ್ನೂ ಬಾರದ ಶಾಲೆಯ ಭಾಷೆಯಲ್ಲೇ ಮಾತಾಡಬೇಕು, ಅರ್ಥವನ್ನು ಕೈಸನ್ನೆಯಲ್ಲಿ, ಮುಖಭಾವದಲ್ಲಿ ತಿಳಿಸಬೇಕು. ಮನೆಮಾತು ಬಾಯಿಗೆ ಬಂದರೆ ಕೆಲಸ ಕೈತಪ್ಪಿದಂತೆಯೇ.

ಪರೀಕ್ಷೆಯ ಪಾಠದ ದಿನ ತರಬೇತುದಾರ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಆಗಲೇ ಪುಟ್ಟ ಹುಡುಗಿಯೊಬ್ಬಳು ಮಹಡಿಯ ತೆರೆದ ಕಿಟಕಿ ಏರಿಬಿಟ್ಟಳು. "ನಿಲ್ಲು!" ಎಂದು ಟೀಚರಮ್ಮ ಶಾಲೆಯ ಭಾಷೆಯಲ್ಲಿ ಕೂಗಿದಳು. ಹುಡುಗಿ ಕಿಲಕಿಲ ನಕ್ಕು ಇನ್ನೂ ಆಚೆಗೆ ಬಾಗಿದಳು. ಆ ಮಾತನ್ನು ದಿನವೂ ನಗುನಗುತ್ತಾ, ಆಟವಾಗಿ ಕಲಿಸಿದವಳು ಟೀಚರಮ್ಮನೇ ತಾನೇ!

"ಅಲ್ಲೇ ಇರೇ, ಬಿದ್ದೀಯ!" ಮನೆಮಾತು ತಾನಾಗಿಯೇ ಚೀರಿಕೊಂಡು ಬಂತು. ಹುಡುಗಿ ಬೆಚ್ಚಿ ನಿಂತಳು. ಟೀಚರಮ್ಮ ಓಡಿ ಎಳೆದುಕೊಂಡಳು.

ತರಬೇತುದಾರ "ನಾಳೆ ತರಬೇತಿಯ ಕೊನೇ ದಿನ ಅಲ್ವಾ, ಬನ್ನಿ ಮಾತಾಡೋಣ" ಎಂದಷ್ಟೇ ಹೇಳಿ ಎದ್ದುಹೋದ.

ಮರುದಿನ ಬೆಳಿಗ್ಗೆ ಟೀಚರಮ್ಮ ತಿಂಡಿಯ ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು.

"ಕೆಲ್ಸ ಹೋದ್ರೆ ಹೋಗ್ಲಿ ಬಿಡೇ," ಎಂದರು ಶಾಲೆಯ ಭಾಷೆ ಒಂದಕ್ಷರ ಬಾರದ ಅತ್ತೆ. "ಮಗು ಬಿದ್ದಿದ್ರೆ ಯಾವ ಭಾಷೇಲಿ ಅಳ್ತಿದ್ದೆ?"

"ಹೋದ್ರೆ ಅನ್ನೋ ಭಯ ಒಂದು ಕಡೆ ಅತ್ತೆ. ಉಳಿಸ್ಕೊಂಡ್ರೆ ನಾಳೆಯಿಂದ, ನಿಲ್ಲು ಅಂದ್ರೆ ನಗೋ ಮಕ್ಕಳ ಜೊತೆ ಆ ಕಿಟಕಿ ಹತ್ರಾನೇ ನಿಲ್ಬೇಕಲ್ಲ!"

ಚಪ್ಪಲಿ ಮೆಟ್ಟಿದವಳು ತಟ್ಟನೆ ತಿರುಗಿ, ನಗದೆ, ಕಣ್ಣು ಕೆಕ್ಕರಿಸಿ, ಶಾಲೆಯ ಭಾಷೆಯಲ್ಲಿ "ನಿಲ್ಲು!" ಎಂದಳು. ಅತ್ತೆ ಸೌಟು ಹಿಡಿದಲ್ಲೇ ಕಲ್ಲಾದರು.

"ಅಯ್ಯೋ, ಜೀವಾನೇ ಹೋಯ್ತು ಕಣೆ!"

"ಹಾಗೇ ಕಲಿಸ್ಬೇಕಿತ್ತು ಅತ್ತೆ," ಎಂದು ಬಾಗಿಲೆಳೆದುಕೊಂಡು, ಟೀಚರಮ್ಮ ಕಲಿಯುವವಳಾಗಿ ಕೊನೆಯ ಸಲ ಮನೆಯಿಂದ ಹೊರಟಳು.